ಆ ಗೋಡೆ ಗಡಿಯಾರದ ವಿಷ್ಯ ಮೊದಲು ಪೊಲೀಸರಿಗೆ ಹೇಳಿ

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಐದು ತಿಂಗಳ ಹಿಂದೆ ಒಬ್ಬ ಹುಡುಗಿ ಕೆಲಸ ಮುಗಿಸಿ ಹೊರಟವಳು ಮನೆ ತಲುಪಲೇ ಇಲ್ಲ. ಅವಳ ಪರಿಚಯ ನನಗಿಲ್ಲ, ಆದ್ರೆ ಫೋಟೋ ನೋಡಿದ ದಿನದಿಂದ ಅವಳ ಮುಖ ತಲೆಯಿಂದ ಹೋಗ್ತಿಲ್ಲ. ಆನ್‌ಲೈನ್‌ನಲ್ಲಿ ಈ ಕೇಸ್ ಬಗ್ಗೆ ಹುಡುಕೋ ಒಂದು ಗುಂಪಿಗೆ ಸೇರ್ಕೊಂಡೆ, ರಾತ್ರಿ ಎರಡು ಮೂರು ಗಂಟೆ ತನಕ ಅಲ್ಲೇ ಇರ್ತೀನಿ. ಅವಳ ಜೊತೆ ಕೆಲಸ ಮಾಡ್ತಿದ್ದ ಒಬ್ಬರು ಅವತ್ತು ರಾತ್ರಿ ಒಂಬತ್ತೂವರೆಗೆ ಮನೇಲಿದ್ದೆ ಅಂದಿದ್ರು. ಆದ್ರೆ ಒಂದು ಅಂಗಡಿಯ ಸಿಸಿಟಿವಿ ಕ್ಲಿಪ್‌ನಲ್ಲಿ 9:47ಕ್ಕೆ ಅವರು ಕಾಣಿಸ್ತಾರೆ. ಗುಂಪಿಗೆ ಟೈಮ್‌ಲೈನ್ ಚಾರ್ಟ್ ಮಾಡಿಕೊಟ್ಟಿದ್ದು ನಾನು, ಆ 9:47ನ್ನ ಕೆಂಪಕ್ಷರದಲ್ಲಿ ಹಾಕಿದ್ದೂ ನಾನೇ. ಅದು ಎಲ್ಲೆಲ್ಲೋ ಶೇರ್ ಆಯ್ತು, ಅವರ ಫೋಟೋ, ಮನೆ ಅಡ್ರೆಸ್ ಎಲ್ಲಾ ಹೊರಗೆ ಬಂತು, ಯಾರೋ ಆಫೀಸಿಗೂ ಫೋನ್ ಮಾಡಿದ್ರು, ಈಗ ಅವರು ಕೆಲಸಕ್ಕೇ ಬರ್ತಿಲ್ವಂತೆ. ಎರಡು ವಾರದ ಹಿಂದೆ ಆ ಕ್ಲಿಪ್ ದೊಡ್ಡದು ಮಾಡಿ ನೋಡ್ತಿದ್ದಾಗ ಕೌಂಟರ್ ಹಿಂದೆ ಒಂದು ಗೋಡೆ ಗಡಿಯಾರ ಕಾಣಿಸ್ತು, ಅದರಲ್ಲಿ ಟೈಮ್ 8:40. ಎದೆ ಧಸಕ್ ಅಂತು ಅಕ್ಕಾ. ಗುಂಪಲ್ಲಿ ಹೇಳಿದ್ರೆ ಕಳ್ಳನ ಪರ ನಿಂತೆ ಅಂತ ನನ್ನನ್ನೇ ಹೊರಗೆ ಹಾಕ್ತಾರೆ, ಬೇರೆಯವರಿಗೆ ಹಾಗೆ ಮಾಡಿದ್ದನ್ನ ನೋಡಿದ್ದೀನಿ. ಅದೇ ಟೈಮ್‌ಗೆ ಆ ಹುಡುಗಿಯ ಅಮ್ಮ ನನಗೆ ಮೆಸೇಜ್ ಮಾಡಿದ್ದಾರೆ: ‘ಅವನೇ ಅಂತಿದ್ದಾರೆ, ಹೌದೇನಮ್ಮಾ?’ ಅಂತ. ಹದಿನಾಲ್ಕು ದಿನ ಆಯ್ತು, ಉತ್ತರ ಕೊಟ್ಟಿಲ್ಲ. ಯಾರಿಗೆ ಏನು ಹೇಳಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಮೂರು ಸಲ ಓದಿದೆ. ಮೂರು ಸಲಾನೂ ಆ ಅಮ್ಮನ ಒಂದು ಸಾಲಿಗೆ ಬಂದು ನಿಂತುಬಿಟ್ಟೆ, ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಗಡಿಯಾರದ ವಿಷ್ಯ ಮುಗಿಸೋಣ ಯಾಕಂದ್ರೆ ಅದಕ್ಕೆ ಆಗಲೇ ಎರಡು ವಾರ ತಡ ಆಗಿದೆ.

ಇವತ್ತೇ ತನಿಖಾಧಿಕಾರಿಗೆ ತಿಳಿಸಿ. ನಾಳೆ ಅಲ್ಲ, ಗುಂಪಿನಲ್ಲಿ ಒಬ್ಬರನ್ನ ಕೇಳಿ ಆಮೇಲೆ ಅಂತಾನೂ ಅಲ್ಲ. ಕ್ಲಿಪ್ ನಿಮಗೆ ಎಲ್ಲಿ ಸಿಕ್ತು, ಯಾವತ್ತು ಡೌನ್‌ಲೋಡ್ ಮಾಡ್ಕೊಂಡ್ರಿ, ಎಷ್ಟನೇ ಸೆಕೆಂಡಿಗೆ ಗಡಿಯಾರ ಕಾಣುತ್ತೆ, ಆಗ ಸ್ಕ್ರೀನ್ ಮೂಲೆಯಲ್ಲಿ ಎಷ್ಟು ಟೈಮ್ ಇದೆ, ಗೋಡೆ ಮೇಲೆ ಎಷ್ಟಿದೆ, ಇಷ್ಟು ಬರೆದು ನಿಮ್ಮ ಹೆಸರು ಫೋನ್ ನಂಬರ್ ಹಾಕಿ ಕೊಡಿ. ಸ್ಕ್ರೀನ್‌ಶಾಟ್ ಜೊತೆಗೆ ಒರಿಜಿನಲ್ ಫೈಲೂ ಇರ್ಲಿ. ಅದನ್ನ ಎಡಿಟ್ ಮಾಡ್ಬೇಡಿ, ಬ್ರೈಟ್‌ನೆಸ್ ಕೂಡ ಮುಟ್ಬೇಡಿ, ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಥರ ಫಾರ್ವರ್ಡ್ ಮಾಡಿದ್ರೆ ಕಂಪ್ರೆಸ್ ಆಗಿ ಗಡಿಯಾರದ ಮುಳ್ಳೇ ಕಾಣದ ಹಾಗೆ ಆಗಬಹುದು, ಹಾಗಾಗಿ ಫೈಲನ್ನ ಇದ್ದ ಹಾಗೇ ಪೆನ್‌ಡ್ರೈವ್‌ನಲ್ಲೋ ಇಮೇಲ್‌ನಲ್ಲೋ ಕೊಡಿ. ಅವರು ವಾಪಸ್ ಫೋನ್ ಮಾಡ್ತಾರೆ, ಏನಾಯ್ತು ಅಂತ ಹೇಳ್ತಾರೆ ಅಂತ ಕಾಯ್ಬೇಡಿ. ನಡೀತಿರೋ ಕೇಸಿನಲ್ಲಿ ಪೊಲೀಸರು ಕೆಲವು ವಿಷ್ಯಗಳನ್ನ ಬೇಕಂತಲೇ ಹೊರಗೆ ಬಿಡಲ್ಲ, ಮಾಡಿದವರಿಗೆ ಮಾತ್ರ ಗೊತ್ತಿರೋ ಸಂಗತಿ ಅಂತ ಒಂದೆರಡು ಉಳಿಸ್ಕೊಂಡಿರ್ತಾರೆ, ಸುಮ್ಮನಿದ್ದಾರೆ ಅಂದ್ರೆ ಏನೂ ಮಾಡ್ತಿಲ್ಲ ಅಂತಲೇ ಅರ್ಥ ಅಲ್ಲ.

ಇಲ್ಲಿ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳ್ಬೇಕು. ಪತ್ರ ಓದಿದ್ರೆ ನೀವು ಆಗಲೇ ಇನ್ನೊಂದು ಕಡೆ ವಾಲಿದ ಹಾಗಿದೆ, ಅವರು ನಿರಪರಾಧಿ ಅಂತ ತೀರ್ಮಾನ ಮಾಡಿಬಿಟ್ಟ ಹಾಗೆ. ಅದೂ ಬೇಡ. ಸಿಸಿಟಿವಿ ವಿಡಿಯೋ ರೆಕಾರ್ಡ್ ಮಾಡೋ ಡಿವಿಆರ್ ಬಾಕ್ಸ್‌ನ ಟೈಮ್ ತಪ್ಪಿರೋದು ತುಂಬಾ ಮಾಮೂಲಿ, ಇನ್‌ಸ್ಟಾಲ್ ಮಾಡುವಾಗ ಸರಿ ಸೆಟ್ ಮಾಡದೇ ಇರ್ತಾರೆ, ಒಳಗಿನ ಬ್ಯಾಟರಿ ಹೋಗಿದ್ರೆ ಪ್ರತಿ ಸಲ ಕರೆಂಟ್ ಹೋದಾಗಲೂ ಟೈಮ್ ಏನೇನೋ ಆಗುತ್ತೆ, ಯಾರೂ ನೋಡಿರಲ್ಲ. ಆದ್ರೆ ಗೋಡೆ ಗಡಿಯಾರಾನೂ ನಿಂತಿರಬಹುದು, ಹಿಂದೆ ಓಡ್ತಿರಬಹುದು. ನಿಮಗೆ ಗೊತ್ತಿರೋದು ಇಷ್ಟೇ: ಒಂದೇ ಫ್ರೇಮಿನಲ್ಲಿ ಎರಡು ಟೈಮ್ ಇದೆ, ಎರಡೂ ಸರಿ ಇರೋಕೆ ಸಾಧ್ಯ ಇಲ್ಲ. ಯಾವುದು ಸರಿ ಅಂತ ಹೇಳೋಕೆ ಆ ಬಾಕ್ಸ್ ಮುಂದೆ ನಿಂತು ಅದರ ಟೈಮನ್ನ ಸರಿಯಾದ ಟೈಮ್ ಜೊತೆ ಹೋಲಿಸಿ ಎಷ್ಟು ನಿಮಿಷ ವ್ಯತ್ಯಾಸ ಅಂತ ಬರ್ಕೋಬೇಕು, ಸರಿಯಾಗಿ ಫೂಟೇಜ್ ತಗೊಳ್ಳೋ ತನಿಖಾಧಿಕಾರಿಗಳು ಅದನ್ನ ಮಾಡ್ತಾರೆ. ನೀವು ಮನೇಲಿ ಕೂತು ಎಷ್ಟು ಜೂಮ್ ಮಾಡಿದ್ರೂ ಅದು ಗೊತ್ತಾಗಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಆ ಪ್ರಮಾಣಿಸೋ ಕೆಲಸಕ್ಕೆ ಬೇಕಾದ ವಸ್ತು ನಿಮ್ಮ ಕೈಲಿಲ್ಲ.

ಇಷ್ಟು ಒತ್ತಿ ಯಾಕೆ ಹೇಳ್ತಿದ್ದೀನಿ ಅಂದ್ರೆ ಇಂಥದ್ದೇ ಒಂದು ಟೈಮ್ ವಿಷ್ಯ ಎಷ್ಟು ದೂರ ಹೋಗಿತ್ತು ಅಂತ ನೆನಪಿದೆ. 2013ರ ಶುರುವಿನಲ್ಲಿ ಎಲಿಸಾ ಲ್ಯಾಮ್ ಅನ್ನೋ ಕೆನಡಾದ 21 ವರ್ಷದ ವಿದ್ಯಾರ್ಥಿನಿ ಲಾಸ್ ಏಂಜಲೀಸ್‌ನ ಸೆಸಿಲ್ ಹೋಟೆಲ್‌ನಲ್ಲಿ ಇದ್ದಾಗ ಕಾಣೆಯಾದಳು. ಲಿಫ್ಟ್ ಒಳಗಿನ ಅವಳ ವಿಡಿಯೋ ಒಂದನ್ನ ಪೊಲೀಸರು ಬಿಡುಗಡೆ ಮಾಡಿದ್ರು, ಯಾರಾದ್ರೂ ಗುರುತು ಹಿಡೀಲಿ ಅಂತ. ಅದರ ಟೈಮ್ ಸರಿಯಾಗಿ ಓದೋಕೆ ಆಗ್ತಿರಲಿಲ್ಲ, ಅಷ್ಟೇ ಸಾಕಾಯ್ತು ನೋಡಿ, ಟೈಮ್ ಅಳಿಸಿದ್ದಾರೆ, ವಿಡಿಯೋ ಕತ್ತರಿಸಿದ್ದಾರೆ, ಹೋಟೆಲ್‌ನವರೇ ಸೇರ್ಕೊಂಡಿದ್ದಾರೆ ಅಂತ ಜಗತ್ತಿನ ಮೂಲೆಮೂಲೆಯಿಂದ ಕತೆಗಳು ಹುಟ್ಕೊಂಡವು. ಆಮೇಲೆ ಅದೇ ಹೋಟೆಲ್‌ನಲ್ಲಿ ವಿಡಿಯೋ ಮಾಡಿ ಹಾಕಿದ್ದ ಮೆಕ್ಸಿಕೋದ ಒಬ್ಬ ಮೆಟಲ್ ಸಂಗೀತಗಾರನ ಮೇಲೆ ಎಲ್ಲರ ಕಣ್ಣು ಬಿತ್ತು, ಇವನೇ ಕೊಲೆಗಾರ ಅಂತ. ಅವನು ಆ ಹೋಟೆಲ್‌ನಲ್ಲಿ ಉಳಿದಿದ್ದು ಅದಕ್ಕೆ ಒಂದು ವರ್ಷ ಮೊದಲು, ಅವಳು ಕಾಣೆಯಾದಾಗ ಅವನು ಆ ದೇಶದಲ್ಲೇ ಇರಲಿಲ್ಲ. ಆದ್ರೂ ಕೊಲ್ತೀವಿ ಅಂತ ಮೆಸೇಜ್‌ಗಳು ಬಂದವು, ಅವನ ಸಂಗೀತ ನಿಂತುಹೋಯ್ತು. ಫೆಬ್ರವರಿ 19ಕ್ಕೆ ಹೋಟೆಲ್ ಮೇಲಿನ ನೀರಿನ ಟ್ಯಾಂಕ್‌ನಲ್ಲಿ ಅವಳ ಶವ ಸಿಕ್ತು, ಆಕಸ್ಮಿಕವಾಗಿ ಮುಳುಗಿ ಸಾವು, ಬೈಪೋಲಾರ್ ಕಾಯಿಲೆಯೂ ಅದಕ್ಕೆ ಒಂದು ಕಾರಣ ಅಂತ ಜೂನ್‌ನಲ್ಲಿ ವರದಿ ಬಂತು. ವರದಿ ಬಂದ ಮೇಲಾದ್ರೂ ಅವನ ತಲೆ ಮೇಲೆ ಕೂರಿಸಿದ್ದ ಗೂಬೆ ಇಳಿಯಿತಾ? ಇಲ್ಲ. ನಿಮ್ಮ ಚಾರ್ಟ್‌ನಲ್ಲಿರೋ ಆ ಮನುಷ್ಯನ ಗತಿ ನೆನೆಸಿಕೊಂಡ್ರೆ ನನಗೆ ಹೊಟ್ಟೆ ತೊಳಸುತ್ತೆ.

ನಿಮ್ಮ ಮೇಲೆ ಕೋಪ ಇಲ್ಲ ನನಗೆ. ಪರಿಚಯ ಇಲ್ಲದ ಹುಡುಗಿಗೋಸ್ಕರ ಐದು ತಿಂಗಳು ನಿದ್ದೆಗೆಟ್ಟಿದ್ದೀರಿ, ಅದು ಸುಳ್ಳು ಕಾಳಜಿ ಅಲ್ಲ. ಜನರ ಕಣ್ಣಿಗೆ ಬೆಲೆ ಇಲ್ಲ ಅಂತಾನೂ ನಾನು ಹೇಳಲ್ಲ. 2021ರಲ್ಲಿ ಅಮೆರಿಕದಲ್ಲಿ ಗ್ಯಾಬಿ ಪೆಟಿಟೋ ಕಾಣೆಯಾದಾಗ ಆ ಕಡೆ ಸುತ್ತಾಡ್ತಿದ್ದ ಒಂದು ಕುಟುಂಬ ತಮ್ಮ ಗಾಡಿಯ ಕ್ಯಾಮೆರಾ ಫೂಟೇಜ್ ತಿರುಗಾ ಹಾಕಿ ನೋಡಿದ್ರು, ರಸ್ತೆ ಪಕ್ಕ ಅವಳ ಬಿಳಿ ವ್ಯಾನ್ ನಿಂತಿತ್ತು, ಎಫ್‌ಬಿಐಗೆ ತಿಳಿಸಿದ್ರು, ಯೂಟ್ಯೂಬ್‌ನಲ್ಲೂ ಹಾಕಿದ್ರು. ಸೆಪ್ಟೆಂಬರ್ 19ಕ್ಕೆ ಅದೇ ಸುತ್ತಮುತ್ತಲಲ್ಲಿ ಅವಳ ದೇಹ ಸಿಕ್ತು. ಅವರು ಕೊಟ್ಟಿದ್ದು ಏನು ನೋಡಿ: ಒಂದು ವ್ಯಾನ್, ಒಂದು ಜಾಗ, ಒಂದು ದಿನ. ತಾವು ಕಂಡಿದ್ದಷ್ಟೇ. ನಿಮ್ಮ ಚಾರ್ಟ್‌ನಲ್ಲಿ ನೀವು ಕಂಡಿದ್ದು ಎಷ್ಟು, ಜೋಡಿಸಿಕೊಂಡಿದ್ದು ಎಷ್ಟು ಅಂತ ಒಂದು ಹಾಳೆ ತಗೊಂಡು ಬರೀರಿ. ‘ಕ್ಲಿಪ್‌ನಲ್ಲಿ ಒಬ್ಬ ಗಂಡಸು ಕಾಣ್ತಾನೆ’ ಅನ್ನೋದು ಕಂಡಿದ್ದು. ‘ಅವನು ಸುಳ್ಳು ಹೇಳಿದ’ ಅನ್ನೋದು ಜೋಡಿಸಿದ್ದು. ಅವಳ ವಾಟ್ಸಾಪ್‌ನಲ್ಲಿ ‘ಲಾಸ್ಟ್ ಸೀನ್ 11:20’ ಅಂತ ಇದ್ರೆ ಅದು ಕಂಡಿದ್ದು, ‘ಅಷ್ಟೊತ್ತು ಅವಳು ಎಚ್ಚರ ಇದ್ದಳು’ ಅನ್ನೋದು ಜೋಡಿಸಿದ್ದು, ಫೋನ್ ಯಾರ ಕೈಲಿತ್ತೋ ಯಾರಿಗೆ ಗೊತ್ತು.

ಇನ್ನು ಗುಂಪಿನ ವಿಷ್ಯ. ಚಾರ್ಟನ್ನ ಸದ್ದಿಲ್ಲದೆ ಡಿಲೀಟ್ ಮಾಡಿ ಹೊರಗೆ ಬರ್ಬೇಡಿ, ಅದರ ಕಾಪಿಗಳು ಆಗಲೇ ನೂರು ಕಡೆ ಇವೆ, ನೀವು ಮಾಯ ಆದ್ರೆ ‘ಅವಳನ್ನೂ ಹೆದರಿಸಿದ್ದಾರೆ’ ಅಂತ ಅದಕ್ಕೂ ಒಂದು ಕತೆ ಕಟ್ತಾರೆ. ಚಾರ್ಟ್ ಚಿತ್ರ ತೆಗೆದು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಬರೀರಿ: ‘ಈ ಚಾರ್ಟ್ ಮಾಡಿದ್ದು ನಾನು. ಇದರಲ್ಲಿ ಹಾಕಿದ್ದ ಕ್ಲಿಪ್‌ನ ಸಮಯ ನಂಬೋ ಹಾಗಿಲ್ಲ. ಅದರ ಮೇಲೆ ಒಬ್ಬರ ಬಗ್ಗೆ ನಾನು ಬರೆದ ಮಾತು ವಾಪಸ್ ತಗೋತೀನಿ. ನನಗೆ ಕಂಡಿದ್ದನ್ನ ಪೊಲೀಸರಿಗೆ ಕೊಟ್ಟಿದ್ದೀನಿ. ದಯವಿಟ್ಟು ಇದನ್ನ ಶೇರ್ ಮಾಡೋದು ನಿಲ್ಲಿಸಿ, ಅವರ ಅಡ್ರೆಸ್ ಫೋಟೋ ತೆಗೀರಿ.’ ಇಷ್ಟೇ. ಆ ವ್ಯಕ್ತಿಯ ಹೆಸರನ್ನ ಮತ್ತೆ ಬರೀಬೇಡಿ. ಗಡಿಯಾರದ ಫ್ರೇಮ್ ಹಾಕ್ಬೇಡಿ, ಹಾಕಿದ್ರೆ ಅರ್ಧ ಗಂಟೆಯಲ್ಲಿ ಅಂಗಡಿಯವರ ಮೇಲೆ ಅನುಮಾನ ಶುರುವಾಗುತ್ತೆ, ಯಾರೋ ಅವರಿಗೂ ಫೋನ್ ಮಾಡ್ತಾರೆ. ಬೈತಾರೆ, ಹೌದು. ಹೊರಗೂ ಹಾಕಬಹುದು. ಐದು ತಿಂಗಳು ರಾತ್ರಿ ಜೊತೆಗಿದ್ದೋರು ಒಂದು ಗಂಟೆಯಲ್ಲಿ ಬೆನ್ನು ತಿರುಗಿಸಿದ್ರೆ ನೋವಾಗುತ್ತೆ, ಅದು ಸಣ್ಣ ನೋವಲ್ಲ ಅಂತ ನನಗೆ ಗೊತ್ತು, ಆದ್ರೂ ಬರೀರಿ.

ಆ ಮನುಷ್ಯನಿಗೆ ಫೋನ್ ಮಾಡಿ ಕ್ಷಮೆ ಕೇಳ್ಬೇಕು ಅನ್ಸುತ್ತೆ ನಿಮಗೆ, ಈಗ ಬೇಡ. ಗೊತ್ತಿಲ್ಲದ ನಂಬರ್‌ನಿಂದ ಫೋನ್ ಬಂದ್ರೆ ಅವರ ಮನೆಯವರ ಕೈ ನಡುಗೋ ಸ್ಥಿತಿಗೆ ತಂದಿಟ್ಟಿದ್ದೀವಿ ನಾವೆಲ್ಲ. ಅವರ ವಕೀಲರೋ ಪೊಲೀಸರೋ ಕೇಳಿದ್ರೆ ಏನು ಮಾಡಿದೆ ಅಂತ ಒಂದೂ ಮುಚ್ಚಿಡದೆ ಬರೆದುಕೊಡಿ. ಅವರ ವಿರುದ್ಧ ಬರೆದಿದ್ದಕ್ಕೆ ನಿಮ್ಮ ಮೇಲೆ ಮಾನನಷ್ಟದ ಕೇಸ್ ಬರೋ ಸಾಧ್ಯತೆ ಇದೆ, ಒಬ್ಬ ವಕೀಲರ ಹತ್ರ ಮಾತಾಡಿ, ಆದ್ರೆ ಅದೇ ನೆಪ ಮಾಡ್ಕೊಂಡು ಪೊಲೀಸರ ಹತ್ರ ಹೋಗೋದನ್ನ ಮುಂದೂಡ್ಬೇಡಿ.

ಮತ್ತೆ ಆ ಹುಡುಗಿ. ಪತ್ರದಲ್ಲಿ ಅವಳ ಬಗ್ಗೆ ಎರಡೇ ಸಾಲು ಇದೆ ಗಮನಿಸಿದ್ರಾ, ಉಳಿದದ್ದೆಲ್ಲ ಅವನು, ಚಾರ್ಟು, ಗುಂಪು. ಅವಳ ಹಳೇ ಪೋಸ್ಟ್‌ಗಳನ್ನ, ಯಾರ ಜೊತೆ ಮಾತು ಬಿಟ್ಟಿದ್ದಳು ಅನ್ನೋದನ್ನ ಎಲ್ಲ ಕೆದಕಿರ್ತಾರೆ ನಿಮ್ಮ ಗುಂಪಿನಲ್ಲಿ, ನೀವು ಬರೆದಿಲ್ಲ ಆದ್ರೆ ಊಹೆ ಮಾಡಬಲ್ಲೆ. ಅವಳು ಬದುಕಿರಬಹುದು. ದೊಡ್ಡವರು ತಾವಾಗೇ ಹೊರಟುಹೋಗಿರೋದೂ ಇರುತ್ತೆ. ನಾಳೆ ಅವಳು ವಾಪಸ್ ಬಂದು ತನ್ನ ಹೆಸರು ಸರ್ಚ್ ಮಾಡಿದ್ರೆ ಏನೇನು ಸಿಗುತ್ತೆ ಅಂತ ಒಂದು ಸಲ ಅವಳ ಜಾಗದಲ್ಲಿ ಕೂತು ನೋಡಿ, ನೀವು ಹಾಕಿದ್ದರಲ್ಲಿ ಅಂಥದ್ದು ಇದ್ರೆ ಅದನ್ನೂ ತೆಗೀರಿ.

ಈಗ ಅಮ್ಮ. ನಮ್ಮ ಮನೇಲೂ ಒಮ್ಮೆ ಹೀಗಾಗಿತ್ತು. ಚಿಕ್ಕಮ್ಮನ ಮಗ ಒಂಬತ್ತು ದಿನ ಎಲ್ಲಿದ್ದಾನೆ ಅಂತ ಗೊತ್ತಿರಲಿಲ್ಲ, ಆಮೇಲೆ ತಾನಾಗೇ ಬಂದ. ಆ ಒಂಬತ್ತು ರಾತ್ರಿ ಚಿಕ್ಕಮ್ಮ ಮುಂಬಾಗಿಲ ಚಿಲಕ ಹಾಕಲಿಲ್ಲ. ಫೋನನ್ನ ಚಾರ್ಜರ್‌ನಿಂದ ತೆಗೀತಾನೇ ಇರಲಿಲ್ಲ, ನೂರು ಪರ್ಸೆಂಟ್ ಇದ್ರೂ ಸಿಕ್ಕಿಸಿಯೇ ಇರ್ತಿತ್ತು, ತಾನು ಅದರ ಪಕ್ಕ ನೆಲದ ಮೇಲೆ ಮಲಗ್ತಿದ್ರು. ಯಾರ್ಯಾರೋ ಬಂದು ಅಲ್ಲಿ ನೋಡಿದೆ, ಇಲ್ಲಿ ನೋಡಿದೆ ಅಂತ ಹೇಳಿ ಹೋಗೋರು, ಪಾಪ ಒಳ್ಳೇ ಮನಸ್ಸಿಂದಲೇ, ಪ್ರತಿ ಸಲ ಅವರು ಎದ್ದು ಚಪ್ಪಲಿ ಹಾಕ್ಕೊಳ್ತಿದ್ರು. ಸತ್ತಿದ್ದಾರೆ ಅಂತ ಅಳೋಕೂ ಆಗಲ್ಲ, ಇದ್ದಾರೆ ಅಂತ ಸಮಾಧಾನಾನೂ ಇಲ್ಲ, ಈ ಸ್ಥಿತಿಗೆ ಪೌಲೀನ್ ಬಾಸ್ ಅನ್ನೋ ಅಮೆರಿಕದ ಸಂಶೋಧಕಿ ‘ಆಂಬಿಗ್ಯುವಸ್ ಲಾಸ್’ ಅಂತ ಹೆಸರಿಟ್ಟಿದ್ದಾರೆ, ಹೋದರೋ ಇದ್ದಾರೋ ಅಂತ ತಿಳಿಯದ ಅಗಲಿಕೆ ಅಂತ. ಆ ತಾಯಿ ಐದು ತಿಂಗಳಿಂದ ಅದರಲ್ಲಿದ್ದಾರೆ. ಅವರಿಗೆ ‘ಅವನೇ’ ಅನ್ನೋ ಉತ್ತರ ಕೂಡ ಒಂದು ಆಸರೆ ಥರ ಕಾಣುತ್ತೆ, ಏನೋ ಒಂದು ಗೊತ್ತಾಯ್ತಲ್ಲ ಅಂತ, ಅದಕ್ಕೇ ಕೇಳಿದ್ದಾರೆ. ಸುಳ್ಳು ಆಸರೆ ಕೊಡ್ಬೇಡಿ. ‘ಅವನಲ್ಲ’ ಅಂತಾನೂ ಹೇಳ್ಬೇಡಿ, ಅದು ನಿಮಗೆ ಗೊತ್ತಿಲ್ಲ.

ಹೀಗೆ ಬರೀಬಹುದು: ‘ಅಮ್ಮಾ, ಉತ್ತರ ಕೊಡೋಕೆ ತಡ ಮಾಡಿದೆ, ಕ್ಷಮಿಸಿ. ಯಾರು ಅಂತ ನನಗೆ ಗೊತ್ತಿಲ್ಲ. ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಮಾಡಿದ ಚಾರ್ಟ್‌ನಲ್ಲಿ ತಪ್ಪಿತ್ತು, ಅದನ್ನ ತೆಗೆದಿದ್ದೀನಿ. ನಾನು ನೋಡಿದ್ದನ್ನ ತನಿಖಾಧಿಕಾರಿಗೆ ಕೊಟ್ಟಿದ್ದೀನಿ, ನೀವು ಅವರನ್ನೇ ಕೇಳಿ.’ ಇದರ ಜೊತೆ ಇನ್ನೇನೂ ಸೇರಿಸ್ಬೇಡಿ, ಧೈರ್ಯವಾಗಿರಿ ಅಂತಾನೂ ಬೇಡ. ಅವರು ವಾಪಸ್ ಬರೆದ್ರೆ ಓದಿ, ಬೈದ್ರೂ ಓದಿ, ಮಗಳ ಬಗ್ಗೆ ಏನಾದ್ರೂ ಹೇಳ್ಕೊಂಡ್ರೆ ಕೇಳಿಸ್ಕೊಳ್ಳಿ, ಕೇಸಿನ ಬಗ್ಗೆ ಮಾತ್ರ ಒಂದು ಪ್ರಶ್ನೆನೂ ಕೇಳ್ಬೇಡಿ.

ಪೊಲೀಸರಿಗೆ ಇವತ್ತೇ ಕೊಡಿ, ಗುಂಪಿನಲ್ಲಿ ಇವತ್ತೇ ಹಾಕಿ. ಅಮ್ಮನಿಗೆ ಮಾತ್ರ ನಾಳೆ ಬೆಳಗ್ಗೆ ಕಳಿಸಿ, ಚೆನ್ನಾಗಿ ಬೆಳಕಾದ ಮೇಲೆ. ನೀವು ಎಚ್ಚರ ಇರೋ ಆ ಎರಡು ಗಂಟೆ ಮೂರು ಗಂಟೆಗೆ ಕಳಿಸ್ಬೇಡಿ. ಅಷ್ಟೊತ್ತಿಗೆ ಫೋನ್ ಟಣ್ ಅಂದ್ರೆ ಮಗಳೇ ಅಂತ ಎದ್ದು ಕೂರ್ತಾರೆ.