ಹೊಲಿಗೆ ಕಲಿಯಲು ಮೂರು ತಿಂಗಳ ತರಗತಿ ಸಾಕೇ, ಆರು ತಿಂಗಳದ್ದೇ ಬೇಕೇ?

ಯಾವ ತರಗತಿಯ ಸರ್ಟಿಫಿಕೇಟಿಗೆ ಬೆಲೆ ಹೆಚ್ಚು ಎಂದು ನೀವು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಾನೂ ಇದೇ ಲೆಕ್ಕ ಹಾಕಿ ಆರು ತಿಂಗಳದ್ದಕ್ಕೆ ಸೇರಿದ್ದೆ. ಟೀಚರ್ ಮಲಯಾಳದಲ್ಲಿ ಹೇಳುತ್ತಿದ್ದುದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದೆನಾದ್ದರಿಂದ ನನ್ನ ಪುಸ್ತಕದಲ್ಲಿ ಕಂಕುಳ ಸುತ್ತಳತೆ ಇಂದಿಗೂ ‘ಕೈಕ್ಕುಳಿ’ ಎಂದೇ ಉಳಿದಿದೆ. ಎದೆಯಳತೆಯನ್ನು ನಾಲ್ಕರಿಂದ ಭಾಗಿಸುವುದು, ಡಾರ್ಟ್ (ಮೈಗೆ ಹೊಂದುವಂತೆ ಹಿಡಿದು ಹೊಲಿಯುವ ಮಡಿಕೆ) ಗುರುತಿಸುವುದು, ಎಲ್ಲವೂ ಬಾಯಿಪಾಠವಾಯಿತು. ಕತ್ತರಿ ಆಡಿದ್ದು ಮಾತ್ರ ಹೆಚ್ಚಾಗಿ ಹಳೆಯ ಪತ್ರಿಕೆಗಳ ಮೇಲೆ.

ಸರ್ಟಿಫಿಕೇಟ್ ಬಂದ ತಿಂಗಳಲ್ಲೇ ನೆರೆಮನೆಯ ಅಕ್ಕ ಮಗಳ ಮದುವೆಗೆಂದು ರವಿಕೆಯ ಬಟ್ಟೆ ತಂದುಕೊಟ್ಟರು. ಮೇಲಿನದು ಪಾಲಿಯೆಸ್ಟರ್ ಬೆರೆತ ಹೊಳಪಿನ ಬಟ್ಟೆ, ಒಳಗೆ ಹತ್ತಿಯ ಲೈನಿಂಗ್. ಅಂಗಡಿಯಿಂದ ತಂದ ಲೈನಿಂಗನ್ನು ನೀರಿಗೆ ಹಾಕದೆ ಹಾಗೆಯೇ ಕತ್ತರಿಸಿದೆ. ಮಗ್ಗದಲ್ಲಿ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲನ್ನು, ಬಿಗಿಯಾಗಿ ಎಳೆದೇ ನೇಯುತ್ತಾರೆ; ನೀರು ಸೋಕಿದಾಗ ಆ ಬಿಗಿ ಸಡಿಲಿ ಬಟ್ಟೆ ಕುಗ್ಗುತ್ತದೆ. ರವಿಕೆಯ ಉದ್ದವನ್ನು ಹಾಸಿನ ದಿಕ್ಕಿಗೇ ಇಟ್ಟು ಕತ್ತರಿಸುವುದು ವಾಡಿಕೆ. ನೂರಕ್ಕೆ ನಾಲ್ಕರಷ್ಟು ಕುಗ್ಗಿದರೂ 15 ಇಂಚಿನಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಹೋಯಿತು, ಮೇಲಿನ ಬಟ್ಟೆಯಾದರೋ ಅಷ್ಟು ಕುಗ್ಗುವುದಿಲ್ಲ. ಮೊದಲ ಒಗೆತಕ್ಕೇ ಬೆನ್ನಿನ ಭಾಗವೆಲ್ಲ ಕರಿದ ಹಪ್ಪಳದಂತೆ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಬದಿಗಳಲ್ಲಿ ಬಿಚ್ಚಿ ಸಡಿಲಿಸಲೆಂದು ಒಂದು ಇಂಚು ಬಿಟ್ಟಿದ್ದೆ. ಕೆಳ ಅಂಚಿನಲ್ಲಿ ಮಾತ್ರ ಚೆಂದ ಕಾಣಲೆಂದು ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದಿದ್ದೆನಾದ್ದರಿಂದ ಸರಿಪಡಿಸುವ ದಾರಿಯೂ ಇರಲಿಲ್ಲ. ಅಕ್ಕ ಬೈಯಲಿಲ್ಲ. “ಒಗೆದ ಮೇಲೆ ಹೀಗಾಯಿತು ನೋಡು” ಎಂದಷ್ಟೇ ಹೇಳಿ ರವಿಕೆಯಿದ್ದ ತೊಟ್ಟೆಯನ್ನು ಜಗಲಿಯಲ್ಲಿಟ್ಟು ಹೋದರು. ಆ ಮದುವೆಯ ಉಳಿದ ಐದು ರವಿಕೆಗಳು ಬೇರೆಯವರ ಪಾಲಾದವು. ಬಟ್ಟೆಯ ಹಣವನ್ನೂ ನಾನೇ ಕೊಟ್ಟೆ.

ಪತ್ರಿಕೆ ನೀರಿನಲ್ಲಿ ಕುಗ್ಗಿ ತೋರಿಸುವುದಿಲ್ಲ, ಕ್ರಾಸ್, ಅಂದರೆ ಓರೆಯಾಗಿ, ಕತ್ತರಿಸಿದರೆ ಬಟ್ಟೆಯಂತೆ ಹಿಗ್ಗುವುದೂ ಇಲ್ಲ. ಆದ್ದರಿಂದ ತಿಂಗಳ ಲೆಕ್ಕವನ್ನೂ ಸರ್ಟಿಫಿಕೇಟನ್ನೂ ಬಿಡಿ. ಮನೆಯಲ್ಲಿ ಕುಳಿತು ಹೊಲಿಯುವ ನನ್ನನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಅದನ್ನು ಕೇಳಿಲ್ಲ. ಸೇರುವ ಮೊದಲು ಒಂದು ಮಧ್ಯಾಹ್ನ ಹೋಗಿ ಆ ಕೋಣೆಯ ಕಸದ ಮೂಲೆಯನ್ನು ನೋಡಿ: ಬರಿಯ ಕಾಗದದ ಚೂರುಗಳೇ ಇದ್ದರೆ ಹಿಂದಿರುಗಿ ಬನ್ನಿ, ಬಟ್ಟೆಯ ಚೂರುಗಳಿದ್ದರೆ ಮೂರು ತಿಂಗಳದ್ದಾದರೂ ಸೇರಿಕೊಳ್ಳಿ. ಯಂತ್ರ ಕೊಳ್ಳುವುದಾದರೆ ಕಾಲಿನಲ್ಲಿ ತುಳಿಯುವಂಥದ್ದು ಸಾಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಯಾರಿಗೂ ದಿನ ಹೇಳುವಂತಿಲ್ಲ.