ಬಾಡಿಗೆ ಮನೆ ಖಾಲಿ ಮಾಡುವಾಗ ಓನರ್ ಅಡ್ವಾನ್ಸ್ ಮುರಿಯುತ್ತಾರಂತೆ. ಪೊಲೀಸ್ ಕಂಪ್ಲೇಂಟ್ ಕೊಡಲಾ, ಇಲ್ಲಾ ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸಲಾ?

ಎರಡೂ ಬೇಡ. ನೀವು ಬರೆದ ಪ್ರಕಾರ ಊರು ಚಿಕ್ಕಮಗಳೂರು, ಗೋಡೆ ಹಾಳಾಗಿದೆ ಅಂತ ಓನರ್ ತಕರಾರು, ಅಡ್ವಾನ್ಸ್‌ನಲ್ಲಿ ಒಂದಷ್ಟು ಕ್ಯಾಶ್ ಕೊಟ್ಟಿದ್ದೀರಿ. ನನಗೂ ಆಗಿದ್ದು ಇದೇ.

ನಾನು ಹಾಸನದವಳು. ಕೆಲಸ ಸಿಕ್ಕಿ ಚಿಕ್ಕಮಗಳೂರಿಗೆ ಹೋದಾಗ ಕೋಟೆ ಕಡೆ ಒಂದು ಮಹಡಿ ಮನೆ ಸಿಕ್ಕಿತು. ಬಾಡಿಗೆ 8,000, ಅಡ್ವಾನ್ಸ್ 40,000. ಅದನ್ನು ಬ್ಯಾಂಕ್ ಮೂಲಕವೇ ಹಾಕಿದ್ದೆ, ಕರಾರಿನಲ್ಲೂ ಬರೆದಿತ್ತು. ಎಲ್ಲರ ಹಾಗೆ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ.

ಎಡವಟ್ಟಾಗಿದ್ದು ಕರಾರು ಹೊಸದು ಮಾಡಿಸುವಾಗ. ಬಾಡಿಗೆ 8,500 ಮಾಡಿ, ಅಡ್ವಾನ್ಸ್ ಇನ್ನೊಂದು 20,000 ಕೊಡಿ ಅಂದರು ಓನರ್ ಅಂಕಲ್. ಕ್ಯಾಶ್ ಆದರೆ ಅನುಕೂಲ ಅಂದರು. ಎಟಿಎಂನಿಂದ ತೆಗೆದು, ಅವರ ಹಾಲ್‌ನಲ್ಲಿ ಕೂತು ಎಣಿಸಿ ಕೊಟ್ಟೆ. ಆಂಟಿ ಕಾಫಿ ತಂದರು. 'ಒಂದು ಚೀಟಿ ಬರೆದುಕೊಡ್ತೀರಾ ಅಂಕಲ್' ಅನ್ನುವುದು ನಾಲಿಗೆ ತುದಿಯಲ್ಲಿತ್ತು. 'ನೀನು ನಮ್ಮ ಮಗಳಿದ್ದ ಹಾಗೆ ಕಣಮ್ಮ' ಅಂತ ಆಗಷ್ಟೇ ಅಂದಿದ್ದರು, ಹೇಗೆ ಕೇಳಲಿ? ಹೊಸ ಕರಾರನ್ನು ಟೈಪಿಸ್ಟ್ ಹಳೆಯದನ್ನೇ ನೋಡಿಕೊಂಡು ಹೊಡೆದಿದ್ದ. ಬಾಡಿಗೆ ಬದಲಾಗಿತ್ತು. ಅಡ್ವಾನ್ಸ್ ಸಾಲಿನಲ್ಲಿ 40,000 ಹಾಗೇ ಉಳಿದಿತ್ತು. ನಾನು ಬಾಡಿಗೆ ಸರಿ ಇದೆಯಾ ಅಂತ ನೋಡಿ ಸಹಿ ಹಾಕಿದೆ.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಚೀಟಿ ಇಲ್ಲದಿದ್ದರೆ ಸಾಕ್ಷಿ ಇಲ್ಲ, ಅಷ್ಟೇ. ನನ್ನದು ಅದಕ್ಕಿಂತ ಕೆಟ್ಟದಾಗಿತ್ತು. ಕೊಟ್ಟಿದ್ದು 40,000 ಮಾತ್ರ ಅಂತ ನಾನೇ ಸಹಿ ಹಾಕಿದ ಕಾಗದ ಅವರ ಬೀರುವಿನಲ್ಲಿತ್ತು. ಎಟಿಎಂನಿಂದ ದುಡ್ಡು ತೆಗೆದಿದ್ದು ಪಾಸ್‌ಬುಕ್‌ನಲ್ಲಿ ಇದೆ. ಆದರೆ ಅದು ಯಾರ ಕೈಗೆ ಹೋಯಿತು ಅಂತ ಪಾಸ್‌ಬುಕ್‌ನಲ್ಲಿ ಇರುವುದಿಲ್ಲ. ಅವತ್ತು ಮೆಟ್ಟಿಲು ಹತ್ತುತ್ತಲೇ 'ಅಂಕಲ್, 20,000 ಕೊಟ್ಟೆನಲ್ವಾ, ಒಟ್ಟು ಅಡ್ವಾನ್ಸ್ 60,000 ಆಯ್ತು' ಅಂತ ಒಂದು ವಾಟ್ಸಾಪ್ ಹಾಕಿದ್ದರೆ 'ಹೂಂ ಅಮ್ಮ' ಅಂತ ಬಂದೇ ಬರುತ್ತಿತ್ತು. ಅವತ್ತು ಅವರ ಮನಸ್ಸಿನಲ್ಲೂ ಮೋಸ ಇರಲಿಲ್ಲ ಅಂತಲೇ ನಾನು ನಂಬಿದ್ದೇನೆ. ವಾಪಸ್ ಕೊಡುವ ಹೊತ್ತು ಬಂದಾಗ ಲೆಕ್ಕ ಬೇರೆ ಆಯಿತು. ಆ 20,000 ನನಗೆ ಇವತ್ತಿಗೂ ಬಂದಿಲ್ಲ.

ಇನ್ನು ಗೋಡೆ ವಿಷಯ. ನಮ್ಮ ಕಡೆ ಮಳೆಗಾಲ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ತಾರಸಿ ಸೋರಿ ರೂಮಿನ ಗೋಡೆಗೆಲ್ಲ ಕಪ್ಪು ಬೂಷ್ಟು. ಮುಟ್ಟಿದರೆ ಬಣ್ಣ ಪದರ ಪದರವಾಗಿ ಕೈಗೆ ಬರುತ್ತಿತ್ತು. ಜುಲೈನಲ್ಲೇ ಫೋಟೋ ತೆಗೆದು 'ಸೋರ್ತಿದೆ ಅಂಕಲ್, ಸರಿ ಮಾಡಿಸಿ' ಅಂತ ಕಳಿಸಿದ್ದೆ. ಖಾಲಿ ಮಾಡುವಾಗ ಅದೇ ಗೋಡೆಗೆ 15,000 ಕೇಳಿದರು! ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೇರೆ. ಅದು ಕರಾರಿನಲ್ಲಿತ್ತು, ನಾನು ತಕರಾರು ಮಾಡಲಿಲ್ಲ. ಆದರೆ ವಾಸ ಇದ್ದಾಗ ಸಹಜವಾಗಿ ಆಗುವ ಸವಕಳಿಗೆ ಬಾಡಿಗೆದಾರ ಹೊಣೆ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುವುದು ಇದನ್ನೇ. ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಕಷ್ಟ. ಹಾಗಾಗಿ ಮೊದಲು ನಿಮ್ಮ ಕರಾರು ತೆಗೆದು ಪೂರ್ತಿ ಓದಿ. ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಫಾರ್ವರ್ಡ್ ಬಂದಿದ್ದರೆ ಅದನ್ನು ನಂಬಿ ಜಗಳಕ್ಕೆ ಹೋಗಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು ಮಾದರಿ ಕಾಯ್ದೆ. ರಾಜ್ಯ ಅದನ್ನು ತನ್ನದಾಗಿ ಮಾಡಿಕೊಳ್ಳದೆ ಇಲ್ಲಿ ನಡೆಯುವುದಿಲ್ಲ.

ಪೊಲೀಸ್ ಯಾಕೆ ಬೇಡ ಅಂದರೆ ಇದು ಸಿವಿಲ್ ವ್ಯವಹಾರ. ಸ್ಟೇಷನ್‌ನಲ್ಲಿ ಕೋರ್ಟಿಗೆ ಹೋಗಿ ಅಂತಾರೆ. ಓನರ್ ಸಾಮಾನು ಹೊರಗೆ ಹಾಕಿದರೆ, ಬೆದರಿಸಿದರೆ ಆಗ ಹೋಗಿ. ಬಾಡಿಗೆಯನ್ನೂ ನಿಲ್ಲಿಸಬೇಡಿ. ಅವರು ಒಪ್ಪಿ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಬಾಕಿದಾರರು ನೀವಾಗುತ್ತೀರಿ. ನಿಮ್ಮ ಕಡೆ ಇರುವ ನ್ಯಾಯವನ್ನು ಯಾಕೆ ಕೆಡಿಸಿಕೊಳ್ಳುತ್ತೀರಿ?

ನನಗೆ ಕೆಲಸ ಆಗಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಕೋರ್ಟ್ ಆವರಣದಲ್ಲೇ ಇರುತ್ತದೆ. ಕೇಸ್ ಹಾಕುವ ಮುಂಚೆಯೇ ಅಲ್ಲಿ ಅರ್ಜಿ ಕೊಡಬಹುದು, ಅವರು ಓನರ್‌ಗೆ ನೋಟಿಸ್ ಕಳಿಸಿ ಇಬ್ಬರನ್ನೂ ಕೂರಿಸುತ್ತಾರೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ಸಹಾಯ ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಜುಲೈನ ಫೋಟೋ ನೋಡಿದ ಮೇಲೆ ಅಂಕಲ್ ಗೋಡೆಯ ಮಾತು ಬಿಟ್ಟರು. ಪ್ರಾಧಿಕಾರದವರೇ ನಡೆಸುವ ಲೋಕ ಅದಾಲತ್‌ನಲ್ಲಿ ರಾಜಿ ಆಗಿ 31,500 ಬಂತು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬೆಲೆ, ಅಪೀಲು ಇಲ್ಲ. ಅಲ್ಲೂ ಆಗಲಿಲ್ಲ ಅಂದರೆ ದಾವೆ ಹಾಕಲು ಮೂರು ವರ್ಷ ಟೈಮ್ ಇರುತ್ತದೆ, ಆದರೂ ಸುಮ್ನೆ ಕೂರಬೇಡಿ.

ನೀವಿನ್ನೂ ಮನೆಯಲ್ಲೇ ಇದ್ದೀರಿ, ಓನರ್ ಜೊತೆ ಮಾತು ನಿಂತಿಲ್ಲ. ಇವತ್ತೇ ಮೆಸೇಜ್ ಹಾಕಿ. 'ಮುಂದಿನ ತಿಂಗಳು ಖಾಲಿ ಮಾಡ್ತೀನಿ. ಬ್ಯಾಂಕಿಗೆ ಹಾಕಿದ್ದು ಇಷ್ಟು, ಕೈಯಲ್ಲಿ ಕೊಟ್ಟಿದ್ದು ಇಷ್ಟು, ಒಟ್ಟು ಇಷ್ಟು ಅಡ್ವಾನ್ಸ್ ನಿಮ್ಮ ಹತ್ರ ಇದೆ. ಬಣ್ಣದ ಖರ್ಚು ಕೂತು ಮಾತಾಡೋಣ' ಅಂತ ಮರ್ಯಾದೆಯಿಂದ ಬರೆಯಿರಿ. ಮುರಿಯುವುದರ ಬಗ್ಗೆ ಅವರು ಎಷ್ಟೇ ವಾದ ಮಾಡಲಿ, ಒಟ್ಟು ಮೊತ್ತ ಒಪ್ಪಿಕೊಂಡು ಉತ್ತರ ಬಂದರೆ ಸಾಕು. ಅದು ಬರುವವರೆಗೆ ಕೀ ಕೊಡುವ ಮಾತೆತ್ತಬೇಡಿ.