ಓದುಗರ ಪ್ರಶ್ನೆ: ಶಿಲೆಗಳ ಪಾಠಕ್ಕೆ ಸಾಮಗ್ರಿ ಎಲ್ಲಿಂದ ತರಲಿ?

ಪ್ರಶ್ನೆ: ನಾನು ಬ್ರಹ್ಮಾವರ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಗೆ ಶಿಲೆಗಳ ಪಾಠ ಮಾಡುವಾಗ ತೋರಿಸಲು ಏನೂ ಇರುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಬರೀ ನೋಟ್ಸ್ ಸಿಗುತ್ತದೆ. ಒಳ್ಳೆಯ ಸಾಮಗ್ರಿ ಎಲ್ಲಿದೆ? ನಾನು ಮಾಡಿಕೊಂಡದ್ದನ್ನು ಬೇರೆ ಶಾಲೆಗಳಿಗೆ ಕೊಡುವುದು ಹೇಗೆ?
– ಒಬ್ಬ ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಟೀಚರ್, ಮೊದಲು ಊರಿನ ಯಾವುದಾದರೂ ಹಳೇ ಕಾಂಪೌಂಡ್ ಗೋಡೆ ನೋಡಿ. ಕೆಂಪುಕಲ್ಲು (ಲ್ಯಾಟರೈಟ್) ಕಾಣುತ್ತದಲ್ವಾ? ಅಲ್ಲಿಂದಲೇ ಶುರು ಮಾಡಿ. ಜೋರು ಮಳೆ, ಆಮೇಲೆ ಬಿಸಿಲು, ಹೀಗೆ ಬಹಳ ಕಾಲ ನಡೆದು ಮೂಲ ಬಂಡೆಯ ಸಿಲಿಕಾ, ಅಂದರೆ ಮರಳಿನಲ್ಲಿರುವಂಥ ಅಂಶ, ತೊಳೆದುಹೋಗಿದೆ. ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದಿದೆ. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದದ್ದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕೋರೆ ಕೆಲಸದವರ ಮಕ್ಕಳು ತರಗತಿಯಲ್ಲಿದ್ದರೆ ಅವರಿಂದಲೇ ಹೇಳಿಸಿ. ಪುಸ್ತಕದ ಮೂರು ಬಗೆಯ ಶಿಲೆಗಳಲ್ಲಿ (ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ) ಇದು ಸುಲಭಕ್ಕೆ ಕೂರುವುದಿಲ್ಲ. ಮಕ್ಕಳು ಅದನ್ನು ಕೇಳಿಯೇ ಕೇಳುತ್ತಾರೆ, ಕೇಳಲಿ. ಪಕ್ಕದಲ್ಲಿ ಒಂದು ಜಲ್ಲಿ, ಒಂದು ಮಂಗಳೂರು ಹೆಂಚಿನ ಚೂರು ಇಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ ಇಲ್ಲಿನ ನದಿ ದಂಡೆಯ ಜೇಡಿಮಣ್ಣು ನಂಬಿ. ಆ ಮಣ್ಣು ಎಲ್ಲಿಂದ ಬಂತು ಅಂತ ಕೇಳಿದರೆ ಘಟ್ಟ, ಸವೆತ, ನದಿ ಎಲ್ಲ ತಾನಾಗಿ ಬರುತ್ತದೆ.

ಇನ್ನು ನಿಮಗೆ ಮಲ್ಪೆ ಹತ್ತಿರವೇ ಇದೆ. ಅಲ್ಲಿನ ಕಡಲಲ್ಲಿರುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ. ಎಷ್ಟೋ ನೋಟ್ಸ್‌ಗಳು ಇದನ್ನು ದಖ್ಖನ್ ಲಾವಾ ಜೊತೆ ಸೇರಿಸಿಬಿಡುತ್ತವೆ. ಅದು ಸುಮಾರು 6.6 ಕೋಟಿ ವರ್ಷದ್ದು, ಬೇರೆಯೇ ಕಥೆ. ದ್ವೀಪದ ಕಲ್ಲನ್ನು ಬಸಾಲ್ಟ್ (ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು) ಅಂತ ಕರೆಯುವುದು ರೂಢಿ, ಆದರೆ ಇದರಲ್ಲಿ ಸಿಲಿಕಾ ಜಾಸ್ತಿ, ರಯೋಲೈಟ್ ಎಂಬ ಲಾವಾ ಕಲ್ಲಿನ ಜಾತಿಗೆ ಹತ್ತಿರ. ಕಂಬ ಹೇಗಾಯಿತು ಅಂತ ತೋರಿಸಲು ಕಾರ್ನ್‌ಫ್ಲೋರ್ ಸಾಕು. ಅಷ್ಟೇ ನೀರು ಕಲಸಿ, ಗಾಜಿನ ಲೋಟದಲ್ಲಿ ದಪ್ಪಕ್ಕೆ ಹಾಕಿ, ಮೇಲೆ ಬಲ್ಬ್ ಉರಿಸಿ ಕೆಲವು ದಿನ ಬಿಡಿ. ಒಣಗಿದ್ದನ್ನು ನಿಧಾನಕ್ಕೆ ಮುರಿದರೆ ಒಳಗೆ ಪೆನ್ಸಿಲ್ ಸೀಸದಂಥ ಸಣ್ಣ ಸಣ್ಣ ಕಂಬಗಳು! ಲಾವಾ ತಣಿದು ಕುಗ್ಗಿ ಬಿರಿಯಿತು, ಹಿಟ್ಟು ಒಣಗಿ ಕುಗ್ಗಿ ಬಿರಿಯಿತು. ನನ್ನ ತರಗತಿಯಲ್ಲಿ ಮಕ್ಕಳು ಆ ಚೂರುಗಳನ್ನು ಜೇಬಿನಲ್ಲಿ ಮನೆಗೆ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ, ನಮ್ಮೂರ ಹವೆಗೆ ಹಿಟ್ಟು ಒಣಗುವುದೇ ಇಲ್ಲ.

ಹುಡುಕುವುದಕ್ಕೆ ಸರ್ಕಾರದ ಕಲಿಕಾ ತಾಣ ದೀಕ್ಷಾ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದಲೇ ತೆರೆಯುತ್ತದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕನ್ನಡದ ಪಾಠಗಳಿವೆ. ನಕ್ಷೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕೋಶ್ ಜಾಲತಾಣ ನೋಡಿ. ಪಿಲಿಕುಳದ ವಿಜ್ಞಾನ ಕೇಂದ್ರಕ್ಕೂ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಕೊಡುವ ವಿಷಯ. ಸುಮ್ನೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಮರುದಿನ ಹುಡುಕಿದರೆ ಸಿಗುವುದಿಲ್ಲ. ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಲಿಂಕ್ ಕೊಡಿ. ಪಿಡಿಎಫ್ ಜೊತೆಗೆ ತಿದ್ದಲು ಬರುವ ಫೈಲ್ ಕೂಡ ಇರಲಿ, ಯಾಕಂದರೆ ಕಾರ್ಕಳದವರು ಮಲ್ಪೆ ತೆಗೆದು ತಮ್ಮ ಗೊಮ್ಮಟನ ಬಂಡೆ ಹಾಕಿಕೊಳ್ಳಬೇಕು. ದಯವಿಟ್ಟು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟ್‌ನ ಫೈಲ್ ಇನ್ನೊಬ್ಬರ ಫೋನಿನಲ್ಲಿ ಚಿತ್ರವಿಚಿತ್ರ ಅಕ್ಷರವಾಗಿ ತೆರೆದುಕೊಳ್ಳುತ್ತದೆ. ಎಷ್ಟು ಒಳ್ಳೆಯ ಕೆಲಸ ಹೀಗೆ ಹಾಳಾಗಿದೆಯೋ, ಹೊಟ್ಟೆ ಉರಿಯುತ್ತದೆ. ಕಲ್ಲಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ ಇಡಿ, ಅಳತೆ ಗೊತ್ತಾಗುತ್ತದೆ. ಊರು, ದಿನಾಂಕ ಬರೆಯಿರಿ. ‘ಯಾರು ಬೇಕಾದರೂ ಬಳಸಬಹುದು’ ಅಂತ ಒಂದು ಸಾಲು ಸೇರಿಸಿ. ಅದಿಲ್ಲದಿದ್ದರೆ ಸಂಕೋಚದ ಶಿಕ್ಷಕರು ಮುಟ್ಟುವುದೇ ಇಲ್ಲ.

ಪ್ರಶ್ನೆ: ಪ್ರವಾಸಕ್ಕೆ ಹೋದಾಗ ಸೇಂಟ್ ಮೇರೀಸ್ ದ್ವೀಪದಿಂದ ಮಾದರಿಗೆ ಒಂದು ಕಲ್ಲು ತರಬಹುದಾ?
– ಒಬ್ಬ ವಿದ್ಯಾರ್ಥಿ, ಮಂಗಳೂರು

ಉತ್ತರ: ಬೇಡ ಮಗಾ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಂಬದ ತುದಿಗೆ ಎಷ್ಟು ಬದಿಗಳಿವೆ ಎಣಿಸಿ, ಪುಸ್ತಕದಲ್ಲಿ ಚಿತ್ರ ಬರೆದುಕೊಂಡು ಬಾ. ಎಲ್ಲದಕ್ಕೂ ಆರೇ ಇರುವುದಿಲ್ಲ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಡಿಸೆಂಬರ್‌ನಲ್ಲಿ ಹೋಗಿ.